ವೆಬ್‌ಸೈಟ್ ಪ್ರಚಾರ ಹೀಗೆ ಮಾಡಿ, ಹೀಗೆ ಮಾಡಬೇಡಿ: ಮಂಡ್ಯ, ಮೈಸೂರಿನ ಸಣ್ಣ ಉದ್ದಿಮೆಗಳಿಗೆ ಸಮಗ್ರ ಮಾರ್ಗದರ್ಶಿ

ಹೊಸ ಡೊಮೇನ್ (ವೆಬ್‌ಸೈಟ್ ವಿಳಾಸ) ನೋಂದಾಯಿಸಿ, ನಿಮ್ಮ ನಂಬರನ್ನು ಗುಟ್ಟಾಗಿಡುವ ಆಯ್ಕೆಯನ್ನು ಆರಿಸದೆ ಬಿಟ್ಟರೆ ವಾರದೊಳಗೆ ಫೋನುಗಳು ಬರುತ್ತವೆ. “ಗೂಗಲ್‌ನಲ್ಲಿ ಮೊದಲ ಪುಟ ಗ್ಯಾರಂಟಿ ಸಾರ್”, “ಐದು ಸಾವಿರ ಬ್ಯಾಕ್‌ಲಿಂಕ್ ಹಾಕಿಕೊಡ್ತೀವಿ”, “ಮೈಸೂರಿನ ಒಂದು ಲಕ್ಷ ವಾಟ್ಸ್ಆ್ಯಪ್ ನಂಬರ್ ಇದೆ”. ಈ ಮೂರೂ ಮಾತಿಗೆ ಬೇಡ ಎನ್ನಿ (ಬ್ಯಾಕ್‌ಲಿಂಕ್ ಎಂದರೆ ಬೇರೆ ತಾಣಗಳು ನಿಮ್ಮತ್ತ ಕೊಡುವ ಲಿಂಕು). ಯಾಕೆ ಬೇಡ, ಅದರ ಬದಲು ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದು ಇಲ್ಲಿದೆ.

ಉದಾಹರಣೆಗೆ ಮಂಡ್ಯದ ಹತ್ತಿರ ಒಂದು ಆಲೆಮನೆ ಇದೆ, ಅಚ್ಚುಬೆಲ್ಲ ಮತ್ತು ಪುಡಿಬೆಲ್ಲವನ್ನು ತನ್ನ ವೆಬ್‌ಸೈಟ್ ಮೂಲಕ ನೇರವಾಗಿ ಮನೆಗಳಿಗೆ ಮಾರುತ್ತದೆ ಎಂದುಕೊಳ್ಳೋಣ. ಶ್ರೀರಂಗಪಟ್ಟಣದ ಹೋಂಸ್ಟೇ, ಮೈಸೂರಿನ ಅಗರಬತ್ತಿ ಘಟಕ, ಗೋಕುಲಂನ ಯೋಗ ತರಗತಿ ಯಾವುದಾದರೂ ಕ್ರಮ ಇದೇ. ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪ್ರಚಾರ ಯಾರನ್ನು ಮುಟ್ಟುತ್ತದೋ ಅವರು ಇದನ್ನು ಹುಡುಕುತ್ತಿದ್ದರೇ, ಇಲ್ಲವೇ ಕಳಿಸಿ ಎಂದು ಒಪ್ಪಿದ್ದರೇ? ಎರಡೂ ಇಲ್ಲದಿದ್ದರೆ ಅದು ಕಿರಿಕಿರಿ. ಬಹಳ ಕಡೆ ಈಗ ಕಾನೂನಿಗೂ ವಿರುದ್ಧ.

ಜನರನ್ನು ಕರೆಯುವ ಮುನ್ನ

ವೈಫೈ ಆಫ್ ಮಾಡಿ, ಕಡಿಮೆ ಬೆಲೆಯ ಆ್ಯಂಡ್ರಾಯ್ಡ್ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ನಿಮ್ಮ ತಾಣ ತೆರೆದು ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ತಡವಾಗುತ್ತಿದ್ದರೆ ಮೊದಲು ಫೋಟೊಗಳನ್ನು ನೋಡಿ. ಫೋನಿನಿಂದ ನೇರವಾಗಿ ಹಾಕಿದ ಫೋಟೊ 4–5 ಎಂಬಿ ಇರುತ್ತದೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಸಾಮಾನ್ಯವಾಗಿ 200 ಕೆಬಿಯೊಳಗೆ ಬರುತ್ತದೆ. ಫೋನಿನ ಪರದೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕನ್ನಡ ತಾಣಗಳಿಗೆ ಇದಕ್ಕಿಂತ ದೊಡ್ಡ ತೊಡಕು ಅಕ್ಷರದ್ದು. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ರಾಶಿ. “ಮಂಡ್ಯ ಬೆಲ್ಲ” ಎಂದು ಹುಡುಕಿದವರಿಗೆ ಆ ಪುಟ ಎಂದೂ ಸಿಗುವುದಿಲ್ಲ. ಪರೀಕ್ಷೆ ಸುಲಭ: ತಾಣದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಸರಿ ಇದೆ. ಗೋಜಲು ಬಂದರೆ ನುಡಿ ಅಥವಾ ಬರಹ ತಂತ್ರಾಂಶದ ಪರಿವರ್ತಕದಲ್ಲಿ ಹಾಕಿ ಬದಲಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಸಾಲು ಸಾಲಾಗಿ ಓದಿ. ತಪ್ಪು ಉಳಿಯುವುದು ಅಲ್ಲೇ. ಫ್ಲೆಕ್ಸ್‌ಗೆಂದು ಮಾಡಿಸಿದ ಡಿಸೈನನ್ನೇ ಚಿತ್ರವಾಗಿ ಮುಖಪುಟಕ್ಕೆ ಅಂಟಿಸುವುದೂ ಹೀಗೆಯೇ ಕೈಕೊಡುತ್ತದೆ. ಬೆಲೆ, ತೂಕ, ಯಾವ ಪಿನ್‌ಕೋಡ್‌ವರೆಗೆ ಕಳಿಸುತ್ತೀರಿ, ಒತ್ತಿದರೆ ಕರೆ ಹೋಗುವ ಫೋನ್ ನಂಬರು, ವಿಳಾಸ, ತಿನ್ನುವ ಪದಾರ್ಥವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಇವೆಲ್ಲ ಬರಹದಲ್ಲೇ ಇರಬೇಕು.

ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ಈಗಲೇ ನೋಡಿ. ತಾಣ ಕಟ್ಟಿಕೊಟ್ಟವರ ಖಾತೆಯಲ್ಲಿದ್ದರೆ ನಿಮ್ಮ ಇಮೇಲ್‌ನಲ್ಲಿ ತೆರೆದ ಖಾತೆಗೆ ವರ್ಗಾಯಿಸಿಕೊಳ್ಳಿ. ಬೇರೆಯವರ ಕೈಯಲ್ಲಿರುವ ಡೊಮೇನ್‌ಗೆ ಪ್ರಚಾರ ಮಾಡಿದರೆ ಆಸ್ತಿ ಬೆಳೆಯುವುದು ಅವರದ್ದು.

ಗೂಗಲ್‌ಗೆ ತಿಳಿಸುವುದು

ಗೂಗಲ್ ಹುಡುಕುಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೇನ್ ಬರೆಯಿರಿ. ಒಂದು ಪುಟವೂ ಬರದಿದ್ದರೆ ಗೂಗಲ್‌ಗೆ ನಿಮ್ಮ ತಾಣ ಇನ್ನೂ ಗೊತ್ತಿಲ್ಲ, ಅಥವಾ ಬರಬೇಡ ಎಂದು ನೀವೇ ಹೇಳಿದ್ದೀರಿ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್ ತೆರೆದರೆ ಹುಡುಕುಯಂತ್ರಗಳನ್ನು ತಡೆಯುವ ಒಂದು ಚೌಕ ಇರುತ್ತದೆ. ಕಟ್ಟುವಾಗ ಹಾಕಿದ ಟಿಕ್ ತೆಗೆಯಲು ಮರೆಯುವುದು ತೀರಾ ಸಾಮಾನ್ಯ. ತಿಂಗಳುಗಟ್ಟಲೆ ಯಾರೂ ಬರದ ತಾಣಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ರೋಬಾಟ್ಸ್ ಫೈಲಿನಲ್ಲಿ (ಯಾವ ಪುಟ ನೋಡಬಹುದೆಂದು ಹುಡುಕುಯಂತ್ರಗಳಿಗೆ ಹೇಳುವ ಫೈಲು) ಇಡೀ ತಾಣಕ್ಕೆ ತಡೆ ಹಾಕಿದೆಯೇ ಎಂದೂ ನೋಡಿ.

ನಂತರ ಗೂಗಲ್ ಸರ್ಚ್ ಕನ್ಸೋಲ್ (ಹುಡುಕಾಟದಲ್ಲಿ ನಿಮ್ಮ ತಾಣದ ಸ್ಥಿತಿ ತೋರಿಸುವ ಗೂಗಲ್‌ನ ಉಚಿತ ಸಾಧನ) ತೆರೆದು ‘ಡೊಮೇನ್’ ಬಗೆಯ ಆಯ್ಕೆ ತೆಗೆದುಕೊಳ್ಳಿ. ಅದು ಕೊಡುವ ಟೆಕ್ಸ್ಟ್ ದಾಖಲೆಯನ್ನು ಡೊಮೇನ್ ಕೊಂಡ ಕಂಪನಿಯ ಖಾತೆಯಲ್ಲಿ, ಡಿಎನ್‌ಎಸ್ (ಡೊಮೇನ್‌ನ ತಾಂತ್ರಿಕ ದಾಖಲೆಗಳ) ವಿಭಾಗದಲ್ಲಿ ಸೇರಿಸಿ. ಕೆಲವು ನಿಮಿಷದಲ್ಲಿ ಖಚಿತವಾಗಬಹುದು, ಒಂದೆರಡು ದಿನ ಹಿಡಿಯಲೂಬಹುದು; ಅವಸರಕ್ಕೆ ದಾಖಲೆ ಅಳಿಸಿ ಮತ್ತೆ ಮತ್ತೆ ಹಾಕಬೇಡಿ. ಆಮೇಲೆ ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ವಿಳಾಸ ಸಲ್ಲಿಸಿ. ಮುಖ್ಯವಾದ ನಾಲ್ಕೈದು ಪುಟಗಳ ವಿಳಾಸವನ್ನು ಮೇಲಿನ ಪರಿಶೀಲನಾ ಪೆಟ್ಟಿಗೆಯಲ್ಲಿ ಹಾಕಿ ಸೇರಿಸಿಕೊಳ್ಳಲು ಕೋರಿಕೆ ಕೊಡಿ. ಬಿಂಗ್‌ನ ವೆಬ್‌ಮಾಸ್ಟರ್ ಟೂಲ್ಸ್‌ಗೆ ಇದೇ ವಿವರವನ್ನು ಸರ್ಚ್ ಕನ್ಸೋಲ್‌ನಿಂದ ನೇರವಾಗಿ ತಂದುಕೊಳ್ಳಬಹುದು, ಐದು ನಿಮಿಷದ ಕೆಲಸ.

‘ನಿಮ್ಮ ತಾಣವನ್ನು 500 ಹುಡುಕುಯಂತ್ರಗಳಿಗೆ ಸೇರಿಸುತ್ತೇವೆ’ ಎಂಬ ಸೇವೆಗೆ ಒಂದು ಪೈಸೆಯನ್ನೂ ಕೊಡಬೇಡಿ. ಇಲ್ಲಿ ಜನ ಬಳಸುವ ಹುಡುಕುಯಂತ್ರಗಳು ಬೆರಳೆಣಿಕೆಯಷ್ಟು.

ಜನ ಯಾವ ಪದದಿಂದ ಹುಡುಕುತ್ತಾರೆ

ಊರಿನ ಇಂಗ್ಲಿಷ್ ಹೆಸರು ಅಧಿಕೃತವಾಗಿ 2014ರ ನವೆಂಬರ್ 1ರಂದು ಮೈಸೂರು ಎಂದು ಬದಲಾದರೂ ಇಂಗ್ಲಿಷಿನಲ್ಲಿ ಹುಡುಕುವವರು ಹಳೆಯ ‘ಮೈಸೂರ್’ ಕಾಗುಣಿತವನ್ನೂ ಬಳಸುತ್ತಾರೆ. ಬೆಲ್ಲವನ್ನು ಕನ್ನಡ ಲಿಪಿಯಲ್ಲಿ ಹುಡುಕುವವರಿದ್ದಾರೆ, ಇಂಗ್ಲಿಷ್ ಅಕ್ಷರದಲ್ಲಿ ‘ಬೆಲ್ಲ’ ಎಂದು ಬರೆಯುವವರಿದ್ದಾರೆ, ಜಾಗರಿ ಎನ್ನುವವರಿದ್ದಾರೆ. ಒಂದೇ ಪುಟದಲ್ಲಿ ಈ ರೂಪಗಳು ಸಹಜವಾಗಿ ಒಂದೆರಡು ಸಲ ಬಂದರೆ ಸಾಕು.

ಪದ ಹುಡುಕಲು ಖರ್ಚು ಬೇಡ. ಫೋನಿನಲ್ಲಿ ಗಿರಾಕಿಗಳು ಕೇಳುವ ಮಾತನ್ನು ಎರಡು ವಾರ ಒಂದು ಪುಸ್ತಕದಲ್ಲಿ ಅವರ ಮಾತಿನಲ್ಲೇ ಬರೆದಿಡಿ: “ಪುಡಿಬೆಲ್ಲ ಕೆಜಿ ಎಷ್ಟು”, “ಹೈಡ್ರೋಸ್ ಹಾಕಿಲ್ಲ ತಾನೇ” (ಬೆಲ್ಲದ ಬಣ್ಣ ತಿಳಿಯಾಗಿಸುವ ರಾಸಾಯನಿಕ), “ಬೆಂಗಳೂರಿಗೆ ಕಳಿಸ್ತೀರಾ”, “ಕಾಫಿಗೆ ಹಾಕಿದ್ರೆ ಹಾಲು ಒಡೆಯುತ್ತಾ”. ಇವು ಒಂದೊಂದೂ ಒಂದು ಪುಟ, ಅಥವಾ ಪುಟದ ಒಂದು ತಲೆಬರಹ. ಗಿರಾಕಿಗೆ ಬೇಕಾದ ಉತ್ತರ ಪ್ರಾಮಾಣಿಕವಾಗಿ ಸಿಗುವ ಪುಟಕ್ಕಿಂತ ಒಳ್ಳೆಯ ಪ್ರಚಾರ ಇನ್ನೊಂದಿಲ್ಲ. ಹಬ್ಬದ ಲೆಕ್ಕವೂ ಇರಲಿ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಬೇಕಾದ ಪುಟ ಜನವರಿಯಲ್ಲಿ ಬರೆದರೆ ತಡವಾಯಿತು. ನವೆಂಬರ್ ಹೊತ್ತಿಗೆ ಅದು ತಾಣದಲ್ಲಿರಬೇಕು. ದಸರಾ, ಸಂಕ್ರಾಂತಿ, ಯುಗಾದಿ ಪುಟಗಳಿಗೆ ಪ್ರತಿ ವರ್ಷ ಹೊಸ ವಿಳಾಸ ಮಾಡಬೇಡಿ. ವಿಳಾಸದಲ್ಲಿ ಇಸವಿ ಹಾಕದೆ ಅದೇ ಪುಟದ ಒಳಗಿನ ವಿವರ ಬದಲಿಸುತ್ತಾ ಹೋಗಿ. ಹಿಂದಿನ ವರ್ಷಗಳಲ್ಲಿ ಸಿಕ್ಕ ಲಿಂಕುಗಳು ಆಗ ವ್ಯರ್ಥವಾಗುವುದಿಲ್ಲ.

ಇಲ್ಲಿ ಅಡ್ಡದಾರಿಗಳು ಹಳೆಯವೇ: ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ಒಂದೇ ಪದವನ್ನು ನಲವತ್ತು ಸಲ ತುರುಕುವುದು, ಮಂಡ್ಯ, ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಎಂದು ಏಳು ತಾಲ್ಲೂಕಿಗೆ ಊರ ಹೆಸರು ಮಾತ್ರ ಬದಲಾದ ಏಳು ಪುಟ ಮಾಡುವುದು. ಕೊನೆಯದನ್ನು ಡೋರ್‌ವೇ ಪುಟ ಎನ್ನುತ್ತಾರೆ. 2006ರಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ತಾಣವನ್ನೇ ಗೂಗಲ್ ಇಂಥ ಪುಟಗಳಿಗಾಗಿ ಫಲಿತಾಂಶದಿಂದ ತೆಗೆದುಹಾಕಿತ್ತು. ಯಂತ್ರದಿಂದ ನೂರಾರು ಲೇಖನ ಬರೆಸಿ ಸುರಿಯುವುದನ್ನೂ 2024ರ ಮಾರ್ಚ್‌ನಿಂದ ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿ ಸೇರಿಸಿದೆ. ಕೀವರ್ಡ್ ಮೆಟಾ ಟ್ಯಾಗ್ (ಪುಟದ ಕೋಡಿನೊಳಗಿನ ಪದಪಟ್ಟಿ) ತುಂಬಿಕೊಡುತ್ತೇವೆ ಎಂದು ಹಣ ಕೇಳುವವರಿದ್ದರೆ, ಶ್ರೇಯಾಂಕಕ್ಕೆ ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ ಎಂದು ತಿಳಿಸಿ.

ಮ್ಯಾಪ್‌ನಲ್ಲಿ ನಿಮ್ಮ ಜಾಗ

ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಹತ್ತಿರದ ಗಿರಾಕಿಗಳ ಮಟ್ಟಿಗೆ ವೆಬ್‌ಸೈಟ್‌ಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಹೆಸರು ನಿಮ್ಮ ಬೋರ್ಡಿನಲ್ಲಿ ಇರುವಂತೆಯೇ ಇರಲಿ. ‘ಶುದ್ಧ ಬೆಲ್ಲ ಮಂಡ್ಯ ಬೆಸ್ಟ್ ಹೋಲ್‌ಸೇಲ್’ ಎಂದು ಬಾಲ ಸೇರಿಸಿದರೆ ಪ್ರೊಫೈಲ್ ಅಮಾನತಾಗಬಹುದು. ಹಳ್ಳಿಯ ಜಾಗಗಳಲ್ಲಿ ವಿಳಾಸ ಬರೆದರೆ ಪಿನ್ ಹೋಗಿ ಯಾರದೋ ಗದ್ದೆಯಲ್ಲಿ ಬೀಳುತ್ತದೆ. ಉಪಗ್ರಹ ನೋಟಕ್ಕೆ ಬದಲಿಸಿ ಪಿನ್ನನ್ನು ಎಳೆದು ಗೇಟಿನ ಮುಂದೆ ಇಡಿ. ಖಾತ್ರಿಗೆ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ರಸ್ತೆ, ಬೋರ್ಡು, ಒಳಗಿನ ಕೊಪ್ಪರಿಗೆ, ಅಚ್ಚು, ಬೀಗ ತೆಗೆಯುವುದು, ಎಲ್ಲವೂ ಕತ್ತರಿಸದೆ ಒಂದೇ ಓಟದಲ್ಲಿ ಬರಲಿ. ಮನೆಯಿಂದಲೇ ಮಾರುವವರು ವಿಳಾಸ ಮುಚ್ಚಿಟ್ಟು ತಲುಪಿಸುವ ಪ್ರದೇಶ ಮಾತ್ರ ಕೊಡಬಹುದು. ಇಲ್ಲದ ಶಾಖೆಯನ್ನು ಸಯ್ಯಾಜಿರಾವ್ ರಸ್ತೆಯಲ್ಲಿ ಇದೆ ಎಂದು ತೋರಿಸುವುದು ಮೋಸ. ಹುಡುಕಿಕೊಂಡು ಹೋದವರು ಖಾಲಿ ಕೈಲಿ ಬಂದು ಒಂದು ನಕ್ಷತ್ರ ಕೊಡುತ್ತಾರೆ.

ವಿಮರ್ಶೆ ಕೇಳುವುದರಲ್ಲಿ ತಪ್ಪಿಲ್ಲ. ಬಿಲ್ಲಿನ ಮೇಲೆ ಕ್ಯೂಆರ್ ಕೋಡ್ ಹಾಕಿ, ಪಾರ್ಸೆಲ್ ತಲುಪಿ ಮೂರ್ನಾಲ್ಕು ದಿನಕ್ಕೆ ಒಂದೇ ಒಂದು ಸಂದೇಶ ಕಳಿಸಿ: “ನಮಸ್ಕಾರ, ಬೆಲ್ಲ ತಲುಪಿತೇ? ಹೇಗಿತ್ತು ಎಂದು ಈ ಲಿಂಕಿನಲ್ಲಿ ಎರಡು ಮಾತು ಬರೆದರೆ ಬೇರೆ ಗಿರಾಕಿಗಳಿಗೂ ಅನುಕೂಲ. ಏನಾದರೂ ಸರಿ ಇಲ್ಲದಿದ್ದರೆ ಅದನ್ನೂ ಬರೆಯಿರಿ.” ಈ ಕೊನೆಯ ವಾಕ್ಯ ಬಿಡಬೇಡಿ. ಮೆಚ್ಚಿದವರನ್ನಷ್ಟೇ ಆರಿಸಿ ಲಿಂಕ್ ಕಳಿಸುವುದು, ಐದು ನಕ್ಷತ್ರಕ್ಕೆ ಅರ್ಧ ಕೆಜಿ ಉಚಿತ ಎನ್ನುವುದು, ನೆಂಟರಿಷ್ಟರಿಂದ ಬರೆಸುವುದು ಮೂರೂ ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಹೊಸ ವಿಮರ್ಶೆಗಳು ನಿಲ್ಲಬಹುದು, ನಕಲಿ ವಿಮರ್ಶೆ ತೆಗೆದಿದ್ದೇವೆ ಎಂಬ ಎಚ್ಚರಿಕೆ ನಿಮ್ಮ ಪ್ರೊಫೈಲ್ ಮೇಲೆಯೇ ಕಾಣಬಹುದು. ಆನ್‌ಲೈನ್ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೂ ತಂದಿದೆ.

ಕೆಟ್ಟ ವಿಮರ್ಶೆ ಬಂದರೆ ಒಂದು ದಿನದೊಳಗೆ ಉತ್ತರಿಸಿ, ವಾದಿಸಬೇಡಿ: “ಪುಡಿಬೆಲ್ಲ ಗಟ್ಟಿಯಾಗಿತ್ತು ಎಂದಿದ್ದೀರಿ. ಮಳೆಗಾಲದಲ್ಲಿ ತೇವ ಎಳೆದುಕೊಂಡಿರಬೇಕು. ಬಿಲ್ ನಂಬರ್ ತಿಳಿಸಿದರೆ ಬೇರೆ ಕಳಿಸುತ್ತೇವೆ.” ಮುಂದೆ ಓದುವವರಿಗೆ ಈ ಉತ್ತರವೇ ಪ್ರಚಾರ.

ಲಿಂಕುಗಳು

ಬೇರೆ ತಾಣಗಳು ನಿಮ್ಮತ್ತ ಕೊಡುವ ಲಿಂಕು ಒಂದು ಬಗೆಯ ಶಿಫಾರಸು. 1998ರಲ್ಲಿ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಗೂಗಲ್ ಕಟ್ಟಿದ್ದೇ ಈ ಎಣಿಕೆಯ ಮೇಲೆ. ಶಿಫಾರಸಿಗೆ ಬೆಲೆ ಬಂದಾಗ ಕೊಳ್ಳುವವರೂ ಹುಟ್ಟಿಕೊಂಡರು. ಅಮೆರಿಕದ ಜೆಸಿ ಪೆನ್ನಿ ಎಂಬ ದೊಡ್ಡ ಅಂಗಡಿಯ ಪರವಾಗಿ ಸಾವಿರಾರು ಲಿಂಕು ಕೊಂಡದ್ದು 2011ರಲ್ಲಿ ಬಯಲಾಗಿ, ಅದರ ಸ್ಥಾನಗಳು ಪಾತಾಳಕ್ಕಿಳಿದವು. 2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. 2016ರಿಂದ ಅದು ನಿರಂತರವಾಗಿ ಕೆಲಸ ಮಾಡುತ್ತಾ ಕೊಂಡ ಲಿಂಕುಗಳನ್ನು ಹೆಚ್ಚಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಐದು ಸಾವಿರ ಬ್ಯಾಕ್‌ಲಿಂಕ್ ಪ್ಯಾಕೇಜು ಕೆಡುಕು ಮಾಡದಿದ್ದರೂ ಹಣವಂತೂ ನೀರುಪಾಲು. ಸಿಕ್ಕಸಿಕ್ಕ ಲೇಖನಗಳ ಕೆಳಗೆ ಪ್ರತಿಕ್ರಿಯೆಯಾಗಿ ಲಿಂಕು ಅಂಟಿಸುವುದಂತೂ ಬೇರೆಯವರ ಗೋಡೆಗೆ ರಾತ್ರೋರಾತ್ರಿ ಪೋಸ್ಟರ್ ಹಚ್ಚಿದಂತೆ. ಅಂಥ ಲಿಂಕಿಗೆ ಬೆಲೆ ಸಿಗದಿರಲೆಂದೇ 2005ರಲ್ಲಿ ‘ನೋ ಫಾಲೋ’ ಗುರುತು ಬಂತು.

ನಿಜವಾದ ಲಿಂಕು ನಿಜವಾದ ಸಂಬಂಧದಿಂದ ಬರುತ್ತದೆ. ನಿಮ್ಮ ಬೆಲ್ಲ ಕೊಳ್ಳುವ ಹೋಟೆಲು, ಸಿಹಿತಿಂಡಿ ಅಂಗಡಿ, ಹೋಂಸ್ಟೇಗಳ ಪಟ್ಟಿ ಮಾಡಿ. ಯಾರಿಗೆ ವೆಬ್‌ಸೈಟ್ ಇದೆ ನೋಡಿ. ಮಾಲೀಕರಿಗೆ ನೇರವಾಗಿ ಕೇಳಿ: “ಸಾರ್, ನಿಮ್ಮ ತಾಣದಲ್ಲಿ ಬೆಲ್ಲ ಎಲ್ಲಿಂದ ತರಿಸುತ್ತೀರಿ ಎಂದು ಬರೆಯುವುದಾದರೆ ನಮ್ಮ ಲಿಂಕ್ ಸೇರಿಸಬಹುದೇ?” ಆಲೆಮನೆ ನೋಡಲು ಬರುವ ಶಾಲೆ, ಪ್ರವಾಸ ಏರ್ಪಡಿಸುವವರು, ನೀವು ಸದಸ್ಯರಾಗಿರುವ ಸಂಘ, ಇವರನ್ನೂ ಕೇಳಬಹುದು. ಕಬ್ಬಿನ ಹಾಲು ಯಾವ ಹದಕ್ಕೆ ಕಾಯಿಸಿದರೆ ಅಚ್ಚು, ಯಾವ ಹದಕ್ಕೆ ಪುಡಿ ಎಂದು ಫೋಟೊ ಸಮೇತ ಬರೆದ ಒಂದು ಪುಟವಿದ್ದರೆ ಕೇಳದೆಯೇ ಲಿಂಕು ಬರುತ್ತದೆ. ವರ್ಷಕ್ಕೆ ಇಂಥ ಹತ್ತು ಸಿಕ್ಕರೆ ಸಣ್ಣ ಉದ್ದಿಮೆಗೆ ಒಳ್ಳೆಯ ಫಸಲು. ಹಣ ಕೊಟ್ಟು ಬರೆಸಿದ ಲೇಖನದ ಲಿಂಕಿಗೆ ‘ಸ್ಪಾನ್ಸರ್ಡ್’ ಗುರುತು ಹಾಕಿಸಿ.

ಹಿಂದೆ ಯಾರೋ ಕೊಂಡ ಲಿಂಕುಗಳಿವೆ ಎಂಬ ಅನುಮಾನವಿದ್ದರೆ ಸರ್ಚ್ ಕನ್ಸೋಲ್‌ನ ‘ಮ್ಯಾನ್ಯುಯಲ್ ಆ್ಯಕ್ಷನ್ಸ್’ (ಗೂಗಲ್ ಸಿಬ್ಬಂದಿ ತಾಣದ ಮೇಲೆ ಕೈಗೊಂಡ ಕ್ರಮ) ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಸುಮ್ಮನೆ ಬಿಡಿ. ಇದ್ದರೆ ಲಿಂಕು ತೆಗೆಸಲು ಪ್ರಯತ್ನಿಸಿ, ಆಗದವನ್ನು ‘ಡಿಸ್‌ಅವೋ’ (ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎನ್ನುವ) ಪಟ್ಟಿಯಲ್ಲಿ ಸಲ್ಲಿಸಿ, ಮಾಡಿದ್ದನ್ನೆಲ್ಲ ಬರೆದು ಮರುಪರಿಶೀಲನೆಗೆ ಕೋರಿ.

ವಾಟ್ಸ್ಆ್ಯಪ್, ಎಸ್ಸೆಮ್ಮೆಸ್, ಇಮೇಲ್

ಹೆಚ್ಚು ಮಾರಾಟ ಆಗುವುದೂ ಇಲ್ಲೇ, ಹೆಚ್ಚು ಹೆಸರು ಕೆಡುವುದೂ ಇಲ್ಲೇ.

ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಹಾಕಿಕೊಂಡು ಕ್ಯಾಟಲಾಗ್‌ನಲ್ಲಿ ಪ್ರತಿ ವಸ್ತುವಿಗೂ ಫೋಟೊ, ಬೆಲೆ, ತಾಣದ ಲಿಂಕು ಸೇರಿಸಿ. ಒಪ್ಪಿಗೆಯನ್ನು ಆರ್ಡರ್ ಮಾಡುವಾಗಲೇ, ಆರ್ಡರ್‌ನಿಂದ ಬೇರೆಯಾಗಿ ಕೇಳಿ: “ಹೊಸ ಬೆಲ್ಲ ಬಂದಾಗ ವಾಟ್ಸ್ಆ್ಯಪ್‌ನಲ್ಲಿ ತಿಳಿಸಬಹುದೇ?” ಚೌಕ ಖಾಲಿ ಇರಬೇಕು, ಮೊದಲೇ ಟಿಕ್ ಹಾಕಿರಬಾರದು. ಹೌದು ಎಂದವರ ಹೆಸರಿನ ಮುಂದೆ ದಿನಾಂಕ ಬರೆದಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಮುಕ್ತವಾಗಿರಬೇಕು, ಯಾವುದಕ್ಕೆ ಎಂದು ಸ್ಪಷ್ಟವಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರುತ್ತವೆ.

ಒಪ್ಪಿದವರನ್ನು ಬ್ರಾಡ್‌ಕಾಸ್ಟ್ ಪಟ್ಟಿಗೆ ಸೇರಿಸಿ, ಗುಂಪಿಗಲ್ಲ. ಗುಂಪಿನಲ್ಲಿ ಒಬ್ಬರ ನಂಬರು ಉಳಿದವರಿಗೆಲ್ಲ ಕಾಣುತ್ತದೆ. ಒಬ್ಬ ಹೆಣ್ಣುಮಗಳ ನಂಬರನ್ನು ಹೀಗೆ ನೂರು ಅಪರಿಚಿತರ ಕೈಗಿಡುವ ಹಕ್ಕು ಬೆಲ್ಲ ಮಾರುವವರಿಗೆ ಯಾರೂ ಕೊಟ್ಟಿಲ್ಲ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಅದಕ್ಕೇ ಪಾರ್ಸೆಲ್ ಒಳಗಿನ ಚೀಟಿಯಲ್ಲಿ “ನಮ್ಮ ನಂಬರ್ ಸೇವ್ ಮಾಡಿಕೊಂಡರೆ ಹೊಸ ಬೆಲ್ಲದ ಸುದ್ದಿ ತಲುಪುತ್ತದೆ” ಎಂದು ಬರೆಯಿರಿ. ಸೇವ್ ಮಾಡುವುದೇ ಇನ್ನೊಂದು ಒಪ್ಪಿಗೆ. ತಿಂಗಳಿಗೆ ಎರಡು ಸಂದೇಶ ಸಾಕು, ರಾತ್ರಿ ಎಂಟರ ಮೇಲೆ ಬೇಡ. ಪ್ರತಿ ಸಂದೇಶದ ಕೊನೆಗೆ “ಬೇಡವಾದರೆ ‘ಬೇಡ’ ಎಂದು ಕಳಿಸಿ” ಎಂದಿರಲಿ; ಕಳಿಸಿದವರನ್ನು ಅವತ್ತೇ ಪಟ್ಟಿಯಿಂದ ತೆಗೆಯಿರಿ.

ಮದುವೆ ಮನೆಯ ಮುಯ್ಯಿ ಪುಸ್ತಕ, ದೇವಸ್ಥಾನದ ಸೇವಾ ರಸೀದಿ, ಶಾಲೆಯ ಪೋಷಕರ ಗುಂಪು, ಚೀಟಿ ಗುಂಪು ಎಲ್ಲಿಂದಲೂ ನಂಬರು ಎತ್ತಿಕೊಳ್ಳಬೇಡಿ. ಆ ನಂಬರುಗಳನ್ನು ಕೊಟ್ಟದ್ದು ಬೇರೆ ಕೆಲಸಕ್ಕೆ. ಲಕ್ಷ ನಂಬರಿನ ಪಟ್ಟಿ ಕೊಂಡು, ಅನಧಿಕೃತ ತಂತ್ರಾಂಶದಿಂದ ಒಂದೇ ರಾತ್ರಿ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ, ದೂರು ಒತ್ತುತ್ತಾರೆ, ವಾಟ್ಸ್ಆ್ಯಪ್ ನಿಮ್ಮ ನಂಬರನ್ನೇ ನಿಷೇಧಿಸುತ್ತದೆ. ಅದೇ ನಂಬರು ಬೋರ್ಡು, ಪೊಟ್ಟಣ, ಬಿಲ್ಲುಗಳ ಮೇಲೆ ಅಚ್ಚಾಗಿರುತ್ತದೆ. ಹಳೆಯ ಗಿರಾಕಿಗಳೂ ಕೈತಪ್ಪುತ್ತಾರೆ.

ವ್ಯಾಪಾರದ ಎಸ್ಸೆಮ್ಮೆಸ್‌ಗಳನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದಂತೆ ಡಿಎಲ್‌ಟಿ (ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆ) ನೋಂದಣಿ, ಒಪ್ಪಿಗೆ ಪಡೆದ ಹೆಡರ್ (ಕಳಿಸುವವರ ಹೆಸರು) ಮತ್ತು ಟೆಂಪ್ಲೇಟ್ (ಸಂದೇಶದ ಮಾದರಿ) ಇಲ್ಲದೆ ಕಳಿಸುವಂತಿಲ್ಲ. ಸಾಮಾನ್ಯ ಸಿಮ್‌ನಿಂದ ಕಳಿಸಿದರೆ ಜನ 1909ಕ್ಕೆ ದೂರು ಕೊಡಬಹುದು, ಸಂಪರ್ಕ ಕಡಿತವಾಗಬಹುದು. ಇಮೇಲ್ ಕಳಿಸುವುದಾದರೆ ಡೊಮೇನ್‌ಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು (ಇಮೇಲ್ ನಿಜಕ್ಕೂ ನಿಮ್ಮದೇ ಎಂದು ಖಾತ್ರಿ ಮಾಡುವವು) ಹಾಕಿಸಿ. ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ಈ ಮೂರನ್ನೂ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಗುಂಡಿಯನ್ನೂ ಕಡ್ಡಾಯ ಮಾಡಿದೆ. ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು. ನೀವು ಇನ್ನೂರು ಕಳಿಸುವವರಾದರೂ ಇದೇ ಪದ್ಧತಿ ಒಳ್ಳೆಯದು.

ಹೇಳುವ ಮಾತು

“ಸಕ್ಕರೆ ಕಾಯಿಲೆಯವರೂ ನಿಶ್ಚಿಂತೆಯಿಂದ ತಿನ್ನಬಹುದು” ಎಂದು ಬೆಲ್ಲದ ಜಾಹೀರಾತಿನಲ್ಲಿ ಬರೆಯುವುದು ಈ ಇಡೀ ಮಾರ್ಗದರ್ಶಿಯಲ್ಲಿ ಹೆಸರಿಸಿದ ತಪ್ಪುಗಳಲ್ಲೆಲ್ಲ ಅಪಾಯದ್ದು. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ನಂಬಿ ತಿಂದವರ ದೇಹಕ್ಕೆ ಪೆಟ್ಟು ಬೀಳುತ್ತದೆ. ಮಧುಮೇಹ ವಾಸಿಯಾಗುತ್ತದೆ ಎಂಬ ಜಾಹೀರಾತಂತೂ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯಲ್ಲಿ ನಿಷಿದ್ಧ. ‘ಸಾವಯವ’ ಎಂದು ಬರೆಯಲು ಸಾಮಾನ್ಯವಾಗಿ ಪ್ರಮಾಣಪತ್ರ ಬೇಕು. ಹೈಡ್ರೋಸ್ ಬಳಸದಿದ್ದರೆ “ಹೈಡ್ರೋಸ್ ಬಳಸುವುದಿಲ್ಲ, ಅದಕ್ಕೇ ಬಣ್ಣ ಗಾಢ” ಎಂದಷ್ಟೇ ಬರೆಯಿರಿ. ಹಾಗೆಯೇ ಮೈಸೂರು ಸಿಲ್ಕ್, ಮೈಸೂರು ಅಗರಬತ್ತಿಗೆ ಭೌಗೋಳಿಕ ಗುರುತು ಇದೆ. ಬೇರೆಡೆಯಿಂದ ತಂದ ಸರಕಿಗೆ ಹುಡುಕಾಟಕ್ಕೆ ಸಿಗಲೆಂದು ಆ ಹೆಸರು ಅಂಟಿಸಬೇಡಿ.

ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನವರಿಂದ ಹೇಳಿಸುವುದಾದರೆ ವಿಡಿಯೊ ಆರಂಭದಲ್ಲೇ ‘ಜಾಹೀರಾತು’ ಎಂದು ಎದ್ದು ಕಾಣುವಂತೆ ಹಾಕಿಸಿ. ಹಣ ಕೊಡದೆ ಎರಡು ಕೆಜಿ ಬೆಲ್ಲ ಉಚಿತವಾಗಿ ಕಳಿಸಿದ್ದರೂ ಹೇಳಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ದಂಡ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ. ‘ಇನ್ನು ಎರಡೇ ಗಂಟೆ’ ಎಂಬ ಸುಳ್ಳು ಗಡಿಯಾರ, ಕೊನೆಯ ಹಂತದಲ್ಲಿ ತಲೆ ಎತ್ತುವ ಪ್ಯಾಕಿಂಗ್ ಶುಲ್ಕ 2023ರ ನವೆಂಬರ್‌ನ ಡಾರ್ಕ್ ಪ್ಯಾಟರ್ನ್ (ಗಿರಾಕಿಯನ್ನು ಮರುಳು ಮಾಡುವ ತಂತ್ರ) ಮಾರ್ಗಸೂಚಿಯ 13 ತಂತ್ರಗಳಲ್ಲಿ ಸೇರಿವೆ. ಫೇಸ್‌ಬುಕ್ ಗುಂಪುಗಳಲ್ಲಿ ಹಾಕುವ ಮುನ್ನ ಅಡ್ಮಿನ್ ಅನುಮತಿ ಕೇಳಿ. ಒಂದೇ ಪೋಸ್ಟನ್ನು ಮೂವತ್ತು ಗುಂಪಿಗೆ ಅಂಟಿಸುವ ಬದಲು ಎರಡು ಗುಂಪಿನಲ್ಲಿ ಬೆಲ್ಲದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರಿ.

ಹಣ ಕೊಟ್ಟು ಜಾಹೀರಾತು

ಮೇಲಿನದೆಲ್ಲ ಮುಗಿದ ಮೇಲೆ, ದಿನಕ್ಕೆ 200–300 ರೂಪಾಯಿಯಂತೆ ಎರಡು ವಾರ ಪ್ರಯತ್ನಿಸಿ. ಗೂಗಲ್ ಆ್ಯಡ್ಸ್‌ನಲ್ಲಿ ಸ್ಥಳದ ಆಯ್ಕೆ ತಾನಾಗಿಯೇ ‘ಅಲ್ಲಿರುವವರು ಅಥವಾ ಆ ಊರಿನಲ್ಲಿ ಆಸಕ್ತಿ ಇರುವವರು’ ಎಂದಿರುತ್ತದೆ. ‘ಅಲ್ಲಿರುವವರು ಮಾತ್ರ’ ಎಂದು ಬದಲಿಸಿ. ಬೇಡದ ಪದಗಳ ಪಟ್ಟಿ ಮೊದಲ ದಿನವೇ ಹಾಕಿ: ‘ಇವತ್ತಿನ ದರ’, ‘ಎಪಿಎಂಸಿ’, ‘ಮಾಡುವ ವಿಧಾನ’, ‘ಕೆಲಸ’, ‘ಯಂತ್ರ’. ಬೆಲ್ಲದ ಇವತ್ತಿನ ದರ ಹುಡುಕುವವರು ರೈತರು, ಮಂಡಿ ವರ್ತಕರು. ಅವರು ನಿಮ್ಮಿಂದ ಕೊಳ್ಳುವುದಿಲ್ಲ, ಪ್ರತಿ ಕ್ಲಿಕ್ಕಿಗೂ ಹಣ ಹೋಗುತ್ತದೆ. ಜಾಹೀರಾತು ಪುಡಿಬೆಲ್ಲದ್ದಾದರೆ ಒತ್ತಿದವರು ಪುಡಿಬೆಲ್ಲದ ಪುಟಕ್ಕೇ ಬರಬೇಕು, ಮುಖಪುಟಕ್ಕಲ್ಲ.

ಎಲ್ಲಿಂದ ಬಂದರು ಎಂದು ತಿಳಿಯಲು ಪ್ರತಿ ಕಡೆ ಹಾಕುವ ಲಿಂಕಿಗೂ ಬೇರೆ ಯುಟಿಎಂ ಬಾಲ (ಲಿಂಕಿನ ಕೊನೆಗೆ ಹಾಕುವ ಗುರುತಿನ ಪದಗಳು) ಸೇರಿಸಿ: ವಾಟ್ಸ್ಆ್ಯಪ್‌ಗೆ ಒಂದು, ಬಿಲ್ಲಿನ ಕ್ಯೂಆರ್‌ಗೆ ಒಂದು, ದಸರಾ ವಸ್ತುಪ್ರದರ್ಶನದ ಮಳಿಗೆಯ ಕರಪತ್ರಕ್ಕೆ ಇನ್ನೊಂದು. ತಿಂಗಳಿಗೊಮ್ಮೆ ನೋಡುವಾಗ ಭೇಟಿಗಳ ಸಂಖ್ಯೆಗಿಂತ ಆರ್ಡರ್ ಮತ್ತು ಕರೆಗಳನ್ನು ಎಣಿಸಿ.

ಬೇರೆಯವರಿಗೆ ವಹಿಸುವುದಾದರೆ

ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾಗದು ಎಂದು ಗೂಗಲ್ ತಾನೇ ಹೇಳುತ್ತದೆ. ಗ್ಯಾರಂಟಿ ಕೊಟ್ಟವರೊಂದಿಗೆ ಮಾತು ಅಲ್ಲಿಗೇ ಮುಗಿಸಿ. ಉಳಿದವರಿಗೆ ಮೂರು ಪ್ರಶ್ನೆ: ಈ ತಿಂಗಳು ಯಾವ ಪುಟದಲ್ಲಿ ಏನು ಬದಲಿಸುತ್ತೀರಿ, ಲಿಂಕುಗಳ ಪೂರ್ತಿ ಪಟ್ಟಿ ಕೊಡುತ್ತೀರಾ, ಸಂದೇಶ ಕಳಿಸುವ ನಂಬರುಗಳು ಎಲ್ಲಿಂದ ಬಂದವು. ಮೂರನೆಯದಕ್ಕೆ ‘ನಮ್ಮ ಡೇಟಾಬೇಸ್’ ಎಂಬ ಉತ್ತರ ಬಂದರೆ ಬೇಡ ಎನ್ನಿ. ಕಳಿಸಿದವರು ಅವರಾದರೂ ಸಂದೇಶದಲ್ಲಿರುವ ಹೆಸರು ನಿಮ್ಮದು.

ಜಾಹೀರಾತು ಖಾತೆ, ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಎಲ್ಲವನ್ನೂ ನಿಮ್ಮ ಇಮೇಲ್‌ನಿಂದ ತೆರೆದು, ಮಾಲೀಕತ್ವ ನಿಮ್ಮಲ್ಲಿಟ್ಟುಕೊಂಡು, ಅವರನ್ನು ಬಳಕೆದಾರರಾಗಿ ಅಥವಾ ವ್ಯವಸ್ಥಾಪಕರಾಗಿ ಸೇರಿಸಿ, ಪಾಸ್‌ವರ್ಡ್ ಕೊಡಬೇಡಿ. ಒಪ್ಪಂದ ಮುಗಿದ ದಿನ ಮೂರೂ ಕಡೆ ಅವರ ಪ್ರವೇಶ ತೆಗೆದು, ಡಿಎನ್‌ಎಸ್‌ನಲ್ಲಿ ಅವರು ಹಾಕಿದ ಖಾತ್ರಿ ದಾಖಲೆಯನ್ನೂ ಅಳಿಸಿ. ಅದು ಉಳಿದರೆ ಸರ್ಚ್ ಕನ್ಸೋಲ್‌ನಲ್ಲಿ ಅವರು ಮತ್ತೆ ಮಾಲೀಕರಾಗಿ ಸೇರಿಕೊಳ್ಳಬಹುದು.